ಮೈಸೂರು ಝೂನಲ್ಲಿ ಪ್ರಾಣಿ ಕಾಣ್ಸಿಲ್ಲ ಅಂದ್ರೆ ಬೇಜಾರಾಗ್ಬೇಡಿ

ನಮಸ್ಕಾರ ಎಲ್ರಿಗೂ. ಇವತ್ತು ಮತ್ತೆ ಮೈಸೂರು ಝೂಗೆ ಬಂದಿದೀನಿ, ಹೌದು ಮತ್ತೆ ಅಲ್ಲಿಗೇ, ಯಾಕಂದ್ರೆ ಒಂದೇ ಝೂನ ಬೇಸಿಗೆ ಮಳೆಗಾಲ ಚಳಿಗಾಲ ಎಲ್ಲದರಲ್ಲೂ ನೋಡ್ತಾ ಇದ್ರೆ ಕಾಣೋದೇ ಬೇರೆ, ದಸರಾ ಟೈಮಲ್ಲಿ ಬಸ್ಸಲ್ಲಿ ಬಂದು ಎರಡು ಗಂಟೇಲಿ ಸುತ್ತಿ ಹೋಗೋರಿಗೆ ಸಿಗೋದೇ ಬೇರೆ. ಅರಮನೆಯಿಂದ ಇಲ್ಲಿಗೆ ಆಟೋದಲ್ಲಿ ಐದತ್ತು ನಿಮಿಷ ಅಷ್ಟೇ. ಮಂಗಳವಾರ ರಜೆ, ಅದೊಂದು ನೆನಪಿಟ್ಕೊಳಿ, ಎಷ್ಟೋ ಜನ ದೂರದಿಂದ ಬಂದು ಗೇಟ್ ಹತ್ರ ನಿಂತು ವಾಪಸ್ ಹೋಗ್ತಾರೆ ಪಾಪ.

ನೀರಿನ ಬಾಟಲ್ ತಂದಿದ್ರೆ ಗೇಟಲ್ಲೇ ಅದಕ್ಕೆ ಸ್ಟಿಕರ್ ಅಂಟಿಸಿ ಡೆಪಾಸಿಟ್ ಇಸ್ಕೊತಾರೆ, ಹೊರಗೆ ಬರೋವಾಗ ಬಾಟಲ್ ತೋರಿಸಿದ್ರೆ ದುಡ್ಡು ವಾಪಸ್. ಗೊಣಗಾಡ್ಬೇಡಿ, ಒಳಗೆ ಜಿಂಕೆ ಹೊಟ್ಟೆಗೆ ಪ್ಲಾಸ್ಟಿಕ್ ಹೋದ್ರೆ ಅದು ಮೆಲುಕು ಹಾಕೋ ಪ್ರಾಣಿ, ಕರಗದೆ ಅಲ್ಲೇ ಗಂಟಾಗಿ ಕೂತ್ಕೊಳುತ್ತೆ, ಜೀವನೇ ಹೋಗುತ್ತೆ.

ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಒಳಗೆ ಬಂದ್ರೆ ಒಂದು ಲಾಭ ಇದೆ, ಈಗ ಕೇಳ್ತಿದೆಯಲ್ಲ ಈ ಕೂಗು, ನಾನು ಯಾವ ಮ್ಯೂಸಿಕ್ಕೂ ಹಾಕಿಲ್ಲ, ಇದು ಹೂಲಾಕ್ ಗಿಬ್ಬನ್. ಗಂಡು ಹೆಣ್ಣು ಎರಡೂ ಸೇರಿ ಕೂಗ್ತಾವೆ, ಒಂದು ಶುರು ಮಾಡಿದ್ರೆ ಇನ್ನೊಂದು ಎತ್ಕೊಳುತ್ತೆ, ಹಾಗೇ ಏರ್ತಾ ಏರ್ತಾ ಹೋಗಿ ಇಡೀ ಝೂಗೆ ಕೇಳ್ಸುತ್ತೆ. ಕಪ್ಪಗಿರೋದು ಗಂಡು, ಕಂದು ಬಣ್ಣದ್ದು ಹೆಣ್ಣು, ಬಾಲ ಇಲ್ಲ ನೋಡಿ, ಅಂದ್ರೆ ಇದು ಕೋತಿ ಅಲ್ಲ, ಗೊರಿಲ್ಲಾ ಚಿಂಪಾಂಜಿ ಕಡೆಯ ನೆಂಟ. ನಮ್ಮ ದೇಶದ ಕಾಡಲ್ಲಿ ಇರೋ ಬಾಲ ಇಲ್ಲದ ವಾನರ, ಇಂಗ್ಲಿಷಲ್ಲಿ ಏಪ್ ಅಂತಾರಲ್ಲ, ಅದು ಗಿಬ್ಬನ್ ಮಾತ್ರ, ಅದೂ ಈಶಾನ್ಯ ರಾಜ್ಯಗಳಲ್ಲಿ.

ಈ ಜಾಗದ ಬಗ್ಗೆ ಎರಡು ಮಾತು ಹೇಳ್ಬಿಡ್ತೀನಿ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾಗಿದ್ದು, ಮೊದಲು ಅರಮನೆ ಝೂ ಅಂತ ಇತ್ತು, 1909ರಲ್ಲಿ ಅವರ ಹೆಸರನ್ನೇ ಇಟ್ರು. ಈಗ 157 ಎಕರೆ. ನನಗೆ ಇಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ಅನ್ಸೋದು ಈ ಹಳೇ ಮರಗಳು, ಮಟಮಟ ಮಧ್ಯಾಹ್ನ ಬಂದ್ರೂ ದಾರಿ ಪೂರ್ತಿ ನೆರಳಲ್ಲೇ ನಡೀಬಹುದು, ಆ ನೆರಳು ಪ್ರಾಣಿಗಳಿಗೂ ಸಿಗುತ್ತೆ, ಹೊಸದಾಗಿ ಕಟ್ಟೋ ಯಾವ ಝೂಗೂ ದುಡ್ಡು ಕೊಟ್ರೂ ಇದು ಸಿಗಲ್ಲ.

ಜಿರಾಫೆ ಹತ್ರ ಯಾವಾಗ್ಲೂ ಜಾತ್ರೆ. ಸೊಪ್ಪನ್ನ ಎತ್ತರಕ್ಕೆ ಕಟ್ಟಿರ್ತಾರೆ, ಯಾಕೆ ಅಂದ್ರೆ ಅದರ ಕತ್ತು, ನಾಲಿಗೆ ಎಲ್ಲ ಮರದ ತುದಿಯಿಂದ ಎಲೆ ಕೀಳೋದಕ್ಕೇ ಇರೋದು. ಆ ಕಪ್ಪು ನಾಲಿಗೆ ಝೂಮ್ ಮಾಡಿ ತೋರಿಸ್ತೀನಿ, ಕೊಂಬೆಗೆ ಸುತ್ತಿ ಎಳೆಯುತ್ತೆ ನೋಡಿ. ಅಷ್ಟುದ್ದ ಕತ್ತಲ್ಲೂ ಏಳೇ ಮೂಳೆ, ನಮಗೂ ಏಳೇ. ಇಲ್ಲಿ ಮರಿಗಳು ಚೆನ್ನಾಗಿ ಹುಟ್ಟಿವೆ, ಬನ್ನೇರುಘಟ್ಟಕ್ಕೂ ಇಲ್ಲಿಂದ ಕಳಿಸಿದಾರೆ.

ಈಗ ಹುಲಿ ಹತ್ರ ಬಂದ್ವಿ, ನಾನು ಈ ವಿಡಿಯೋ ಮಾಡಿದ್ದೇ ಇದಕ್ಕೋಸ್ಕರ. ಇಲ್ಲಿ ನಿಂತು ಜನ ಏನ್ ಮಾತಾಡ್ತಾರೆ ಕೇಳಿ, "ಎಲ್ಲಿ ಹುಲಿ?", "ಖಾಲಿ ಇದೆ ಬನ್ರೋ", "ಟಿಕೆಟ್ ದುಡ್ಡು ವೇಸ್ಟು", ಆಮೇಲೆ ಯಾರೋ ಒಬ್ಬ ಸಿಳ್ಳೆ ಹೊಡೀತಾನೆ, ಇನ್ನೊಬ್ಬ ಹುಲಿ ಥರ ಗುರ್ ಅಂತಾನೆ, ಎಲ್ಲರೂ ನಗ್ತಾರೆ, ಹೋಗ್ತಾರೆ. ಹುಲಿ ಅಲ್ಲೇ ಇದೆ. ಬಲಗಡೆ ಬಿದಿರು ಮೆಳೆ ಹಿಂದೆ, ಒಂದು ಕಿವಿ ಅಲ್ಲಾಡ್ತು ನೋಡಿದ್ರಾ? ಹಗಲೆಲ್ಲ ಮಲಗಿ ಸಾಯಂಕಾಲ ಏಳೋ ಪ್ರಾಣಿ ಅದು, ಮೆಳೆ ಹಿಂದೆ ಸೇರ್ಕೊಳ್ಳೋದು ಅದರ ಹುಟ್ಟುಗುಣ. ನನ್ನ ಲೆಕ್ಕದಲ್ಲಿ ಒಳ್ಳೆ ಎನ್‌ಕ್ಲೋಷರ್, ಅಂದ್ರೆ ಪ್ರಾಣಿ ಇರೋ ಆವರಣ, ಅಂದ್ರೆ ಇದೇ, ಪ್ರಾಣಿಗೆ ನಮ್ಮ ಕಣ್ಣಿಂದ ಮರೆಯಾಗ್ಬೇಕು ಅನ್ಸಿದಾಗ ಮರೆಯಾಗೋಕೆ ಜಾಗ ಇರ್ಬೇಕು. ನಾಲ್ಕೂ ಕಡೆಯಿಂದ ಜನ ಸುತ್ತುವರಿದು, ಬಚ್ಚಿಟ್ಕೊಳ್ಳೋಕೆ ಒಂದು ಬಂಡೆನೂ ಇಲ್ಲದ ಜಾಗದಲ್ಲಿ ಪ್ರಾಣಿ ಚೆನ್ನಾಗಿ ಕಾಣುತ್ತೆ ನಿಜ, ಆದ್ರೆ ಅದು ನಮಗೋಸ್ಕರ ಕಟ್ಟಿದ ಜಾಗ, ಅದಕ್ಕೋಸ್ಕರ ಕಟ್ಟಿದ್ದಲ್ಲ.

ಹಿಂದಿನ ಕಾಲದಲ್ಲಿ ಎಲ್ಲ ಝೂನಲ್ಲೂ ಕಂಬಿ ಹಾಕಿದ ಸಿಮೆಂಟ್ ಬೋನು ಇರ್ತಿತ್ತು, ತೊಳೆಯೋಕೆ ಸುಲಭ, ನೋಡೋಕೆ ಸುಲಭ, ಪ್ರಾಣಿಗೆ ನರಕ. ಆಮೇಲೆ ಕಂದಕ ತೋಡಿ ಒಳಗೆ ಮಣ್ಣು, ಮರ, ನೀರು ಇಡೋ ಪದ್ಧತಿ ಬಂತು. ಇಲ್ಲಿ ಹೆಚ್ಚಿನವು ಈಗ ಆ ಥರದ್ದೇ. ಆದ್ರೂ ಕೆಲವು ಕಡೆ ಚಿಕ್ಕ ಜಾಗಗಳು ಇನ್ನೂ ಇವೆ ಅನ್ಸುತ್ತೆ ನನಗೆ, ಅಲ್ಲಿ ಪ್ರಾಣಿ ಒಂದೇ ದಾರೀಲಿ ಹೋಗೋದು ಬರೋದು, ಹೋಗೋದು ಬರೋದು, ತಿರುಗೋ ಜಾಗದಲ್ಲಿ ಹುಲ್ಲು ಸವೆದು ಮಣ್ಣು ಕಾಣ್ತಿರುತ್ತೆ. ಊಟದ ಟೈಮ್ ಹತ್ರ ಬಂದಾಗ ಸ್ವಲ್ಪ ಹೊತ್ತು ಹಾಗೆ ಓಡಾಡೋದು ಬೇರೆ, ಕೀಪರ್ ಬರೋದನ್ನ ಕಾಯ್ತಿರುತ್ತೆ. ಬೆಳಿಗ್ಗೆ ನೋಡಿದಾಗ್ಲೂ ಅದೇ, ಮಧ್ಯಾಹ್ನ ವಾಪಸ್ ಬಂದಾಗ್ಲೂ ಅದೇ ಅಂದ್ರೆ ಅದು ಬೇಸರ, ಮಾಡೋಕೆ ಏನೂ ಕೆಲಸ ಇಲ್ಲ ಅಂತ. ಪಕ್ಕದಲ್ಲಿ ನಿಂತ ಮಕ್ಕಳು "ವಾಕಿಂಗ್ ಮಾಡ್ತಿದೆ" ಅಂತ ಖುಷಿ ಪಡ್ತಾರೆ, ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತೆ.

ಅದಕ್ಕೇ ಕರಡಿಗಳ ಹತ್ರ ಬಂದ್ರೆ ಸಮಾಧಾನ. ಮರದ ದಿಮ್ಮಿ, ಹತ್ತೋಕೆ ಅಟ್ಟಣಿಗೆ, ಅಗೆಯೋಕೆ ಮಣ್ಣು ಎಲ್ಲ ಇದೆ, ಬೇಸಿಗೇಲಿ ಹಣ್ಣು ಹಾಕಿದ ಐಸ್ ಗಡ್ಡೆ ಕೊಡ್ತಾರೆ. ಕಾಡಲ್ಲಿ ಕರಡಿ ಗೆದ್ದಲು ಹುತ್ತ ಅಗೆದು, ಮುಂದಿನ ಹಲ್ಲಿನ ಸಂದಿಯಿಂದ ಗಾಳಿ ಊದಿ ಮಣ್ಣು ಹಾರಿಸಿ, ಆಮೇಲೆ ಗೆದ್ದಲನ್ನ ಸರ್ ಅಂತ ಒಳಗೆ ಎಳ್ಕೊಳುತ್ತೆ, ಅದಕ್ಕೇ ಆ ಮೂತಿ ಅಷ್ಟುದ್ದ. ಊಟಕ್ಕೆ ಕಷ್ಟ ಪಡೋದೇ ಅದರ ದಿನಚರಿ, ತಟ್ಟೇಲಿ ಇಟ್ಬಿಟ್ರೆ ಉಳಿದ ದಿನ ಏನ್ ಮಾಡ್ಬೇಕು ಹೇಳಿ ಅದು? ಇಂಥ ಸಣ್ಣಪುಟ್ಟ ಕೆಲಸ ಮಾಡೋ ಕೀಪರ್‌ಗಳಿಗೆ ನಿಜವಾಗ್ಲೂ ಕೈ ಮುಗೀಬೇಕು.

ಬಿಳಿ ಹುಲಿ ಬಗ್ಗೆ ಜಾಸ್ತಿ ಹೇಳಲ್ಲ. ಅದು ಬೇರೆ ಜಾತಿ ಅಲ್ಲ, ನಮ್ಮ ಮಾಮೂಲಿ ಹುಲಿನೇ, ಒಂದು ಜೀನ್ ವ್ಯತ್ಯಾಸ. ಝೂಗಳಲ್ಲಿರೋ ಬಿಳಿ ಹುಲಿಗಳಲ್ಲಿ ಹೆಚ್ಚಿನವು 1951ರಲ್ಲಿ ಮಧ್ಯಪ್ರದೇಶದ ರೀವಾ ಕಡೆ ಕಾಡಲ್ಲಿ ಹಿಡಿದ ಮೋಹನ್ ಅನ್ನೋ ಒಂದು ಮರಿಯ ವಂಶ, ಆ ಬಣ್ಣ ಉಳಿಸ್ಬೇಕು ಅಂತ ಹತ್ತಿರದ ಸಂಬಂಧದಲ್ಲೇ ಕೂಡಿಸಿ ಕೂಡಿಸಿ ಮೆಳ್ಳೆಗಣ್ಣು ಅದು ಇದು ತೊಂದರೆ ಬಂತು. ಚಂದ ಇದೆ ಅಂತ ಇನ್ನೂ ಹುಟ್ಟಿಸ್ತಾ ಹೋಗೋದು ನನಗೆ ಇಷ್ಟ ಇಲ್ಲ, ಇರೋವನ್ನ ಚೆನ್ನಾಗಿ ನೋಡ್ಕೊಂಡ್ರೆ ಸಾಕು.

ಇನ್ನು ಸಿಂಗಳೀಕ, ದಯವಿಟ್ಟು ಇಲ್ಲಿ ಓಡ್ಬೇಡಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಗೆ ಜಟೆ, ಬಾಲದ ತುದೀಲಿ ಸಿಂಹದ ಥರ ಕುಚ್ಚು. ಎಲ್ಲರೂ "ಕೋತಿ ತಾನೇ, ಮನೆ ಮೇಲೆ ದಿನಾ ಬರುತ್ತೆ" ಅಂತ ಮುಂದೆ ಹೋಗ್ತಾರೆ, ಆದ್ರೆ ಇದು ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ರೆ ಎಲ್ಲೂ ಇಲ್ಲ ರೀ, ನಮ್ಮ ಶರಾವತಿ ಅಘನಾಶಿನಿ ಕಣಿವೆ ಕಡೆ ಉಳ್ಕೊಂಡಿದೆ, ನೆಲಕ್ಕೆ ಇಳಿಯೋದೇ ಕಮ್ಮಿ, ಮರದಿಂದ ಮರಕ್ಕೇ ಬದುಕು, ಕಾಡಿನ ಮಧ್ಯೆ ರಸ್ತೆ ಬಂದು ಕೊಂಬೆ ಕೊಂಬೆ ತಾಗೋದು ತಪ್ಪಿದ್ರೆ ಆ ಕಡೆ ಗುಂಪು ಆ ಕಡೆ, ಈ ಕಡೆ ಗುಂಪು ಈ ಕಡೆ. ಆಫ್ರಿಕಾದ್ದು ನೋಡೋಕೆ ಕ್ಯೂ ನಿಲ್ತೀವಿ, ನಮ್ಮ ಘಟ್ಟದ್ದಕ್ಕೆ ಎರಡು ನಿಮಿಷ ಕೊಡಲ್ಲ.

ಮೊಸಳೆ ಬಾಯಿ ತೆಗೆದು ಕಲ್ಲಿನ ಥರ ಬಿದ್ಕೊಂಡಿದೆ, ಗೊಂಬೆ ಅನ್ಕೊಂಡು ಏನಾದ್ರೂ ಎಸೆಯೋರು ಈಗ್ಲೂ ಇದಾರೆ. ಅದು ಮೈ ಬಿಸಿ ಇಳಿಸ್ಕೊಳ್ಳೋ ರೀತಿ ಅದು. ಸುಮ್ನೆ ಬಿಡಿ ಅದನ್ನ.

ಗೊರಿಲ್ಲಾ ಹತ್ರ ಬಂದ್ರೆ ನನಗೆ ಪೋಲೋ ನೆನಪಾಗುತ್ತೆ. ಐರ್ಲೆಂಡಿಂದ ಬಂದಿದ್ದ ಗಂಡು ಗೊರಿಲ್ಲಾ, ಇಡೀ ದೇಶದಲ್ಲೇ ಅದೊಂದೇ, ವರ್ಷಗಟ್ಲೆ ಒಂಟಿ, ಜೊತೆ ಹುಡುಕಿದ್ರೂ ಸಿಗ್ಲಿಲ್ಲ, 2014ರಲ್ಲಿ ತೀರ್ಕೊಂಡ. ಗುಂಪಲ್ಲಿ ಬದುಕೋ ಪ್ರಾಣಿಗೆ ಎಷ್ಟು ಹಣ್ಣು ಕೊಟ್ರೆ ಏನು, ಜೊತೆಗೆ ತನ್ನವರು ಇಲ್ಲ ಅಂದ್ರೆ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಇಬ್ಬರೂ ಒಟ್ಟಿಗೆ ಬಂದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಒಂದು ಮಾತು, ಗೊರಿಲ್ಲಾನ ಕಣ್ಣಿಗೆ ಕಣ್ಣಿಟ್ಟು ದುರುಗುಟ್ಟಿ ನೋಡ್ಬೇಡಿ, ಅವರಲ್ಲಿ ಅದು ಜಗಳಕ್ಕೆ ಕರೆದ ಹಾಗೆ, ಎದೆ ಬಡ್ಕೊಳ್ಳೋದನ್ನ ಅನುಕರಣೆ ಮಾಡೋದಂತೂ ಬೇಡ್ವೇ ಬೇಡ. ಪಕ್ಕಕ್ಕೆ ತಿರುಗಿ ಸುಮ್ನೆ ನಿಂತ್ಕೊಳಿ, ಸ್ವಲ್ಪ ಹೊತ್ತಿಗೆ ಅದೇ ಹತ್ರ ಬಂದು ಕೂರುತ್ತೆ, ಒಂದೊಂದ್ಸಲ.

ಮೇಲೆ ನೋಡಿ ಈಗ. ಈ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನ ಯಾರೂ ತಂದು ಬಿಟ್ಟಿಲ್ಲ, ಪಕ್ಕದಲ್ಲೇ ಕಾರಂಜಿ ಕೆರೆ ಇದೆಯಲ್ಲ, ತಾವಾಗೇ ಬರ್ತಾವೆ, ಮರದಲ್ಲಿ ಕೂರ್ತಾವೆ, ಹೋಗ್ತಾವೆ. 2017ರಲ್ಲಿ ಹಕ್ಕಿಜ್ವರ ಬಂದಾಗ ಒಂದು ತಿಂಗಳ ಹತ್ತಿರ ಝೂ ಮುಚ್ಚಿದ್ರು, ಆಮೇಲೆ ಕೊರೊನಾದಲ್ಲಿ ಇನ್ನೂ ಜಾಸ್ತಿ. ಈ ಝೂ ನಡೆಯೋದೇ ಹೆಚ್ಚಾಗಿ ನಮ್ಮ ಟಿಕೆಟ್ ದುಡ್ಡಲ್ಲಿ, ಗೇಟ್ ಮುಚ್ಚಿದ್ರೂ ಆನೆ ಹುಲ್ಲು ತಿನ್ನೋದು ನಿಲ್ಸಲ್ಲ ಅಲ್ವಾ, ಆಗ ಎಷ್ಟೋ ಜನ ಪ್ರಾಣಿ ದತ್ತು ತಗೊಂಡು ನಿಂತ್ರು. ದತ್ತು ಅಂದ್ರೆ ಮನೆಗೆ ಕರ್ಕೊಂಡು ಹೋಗೋದಲ್ಲ, ಅದರ ಖರ್ಚು ನೋಡ್ಕೊಳ್ಳೋದು. ಆನೆ ಹುಲಿನೇ ಆಗ್ಬೇಕು ಅಂತಿಲ್ಲ, ಚಿಕ್ಕ ಹಕ್ಕಿ ಕೂಡ ಇದೆ ಲಿಸ್ಟಲ್ಲಿ, ಹುಟ್ಟುಹಬ್ಬದ ಕೇಕ್ ಖರ್ಚಲ್ಲೇ ಮುಗಿಯೋ ಅಂಥವು.

ಕಾಲು ನೋವಿದ್ರೆ ಬ್ಯಾಟರಿ ಗಾಡಿ ಇದೆ, ಹಿರಿಯರನ್ನ ಅದರಲ್ಲಿ ಕೂರಿಸಿ. ಉಳಿದವರು ನಡೀರಿ, ವಾರದ ಮಧ್ಯೆ ಬನ್ನಿ, ಎಲ್ಲನೂ ಮುಗಿಸ್ಲೇಬೇಕು ಅಂತ ಹೊರಡ್ಬೇಡಿ, ಯಾವುದಾದ್ರೂ ಒಂದು ಪ್ರಾಣಿ ಮುಂದೆ ಅರ್ಧ ಗಂಟೆ ನಿಂತ್ಕೊಳಿ. ನಾನೀಗ ವಾಪಸ್ ಹುಲಿ ಕಡೆ ಹೋಗ್ತಿದೀನಿ, ಬಿಸಿಲು ಇಳೀತಿದೆ, ಎದ್ರೆ ವಿಡಿಯೋ ಮಾಡ್ತೀನಿ, ಏಳ್ಲಿಲ್ಲ ಅಂದ್ರೆ ಮಲ್ಕೊಳ್ಳಿ ಪಾಪ. ಮುಂದಿನ ವಿಡಿಯೋ ಕಾರಂಜಿ ಕೆರೆದು, ಸಿಗೋಣ.