ಒಂದು ಸೆಂಟಿಮೀಟರ್‌ಗೆ "ಸೋತಳು" ಅನ್ನಬೇಡಿ ಸ್ವಾಮಿ!

ನಮಸ್ಕಾರ, ನಮಸ್ಕಾರ. ಇವತ್ತು ಬೇರೇನೋ ಮಾತಾಡೋಣ ಅಂತ ಕೂತಿದ್ದೆ. ಆದ್ರೆ ಹೋದ ವಾರದ ಪಿ.ಟಿ. ಉಷಾ ವಿಡಿಯೋ ಕೆಳಗೆ ಒಬ್ಬ ಪುಣ್ಯಾತ್ಮ ಕಾಮೆಂಟ್ ಹಾಕಿದಾನೆ. ಓದ್ತಾ ಓದ್ತಾ ಕಾಫಿ ತಣ್ಣಗಾಯ್ತು, ತಲೆ ಬಿಸಿಯಾಯ್ತು.

ಏನಂತಾನೆ? "ಅಣ್ಣಾ, ಉಷಾ ಕಂಚು ಕಿತ್ಕೊಂಡಿದ್ದು ರೊಮೇನಿಯಾದವಳು. ಆ ಒಲಿಂಪಿಕ್ಸ್‌ನಲ್ಲಿ ಅದೃಷ್ಟವೆಲ್ಲ ಅವರ ಕಡೆಗೇ ಇತ್ತು."

ಅರ್ಧ ಒಪ್ಪಿದೆ. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡ್, ನಮ್ಮ ಉಷಾ 55.42. ಆ ಓಟ ಈಗಲೂ ಟಿವೀಲಿ ಬಂದ್ರೆ ನಮ್ಮಪ್ಪ ಎದ್ದು ಜಗಲಿಗೆ ಹೋಗ್ತಾರೆ. ಆದ್ರೆ ಅದೃಷ್ಟವೆಲ್ಲ ಅವರ ಕಡೆಗಾ? ಬಾ ಇಲ್ಲಿ. ಕೂತ್ಕೋ.

ಅದೇ ಒಲಿಂಪಿಕ್ಸ್, ಅದೇ ಕ್ರೀಡಾಂಗಣ. ಹೆಂಗಸರ ಶಾಟ್‌ಪುಟ್ ಫೈನಲ್. ಪಶ್ಚಿಮ ಜರ್ಮನಿಯ ಕ್ಲೌಡಿಯಾ ಲೋಶ್ 20.48 ಮೀಟರ್, ಚಿನ್ನ. ರೊಮೇನಿಯಾದ ಮಿಹೇಲಾ ಲೋಗಿನ್ 20.47, ಬೆಳ್ಳಿ. ನಿಮ್ಮ ಕಿರುಬೆರಳು ಎತ್ತಿ ನೋಡ್ಕೊಳ್ಳಿ. ಆ ಉಗುರಿನ ಅಗಲ! ನಾಲ್ಕು ಕೆ.ಜಿ. ಲೋಹದ ಗುಂಡನ್ನ ಇಪ್ಪತ್ತು ಮೀಟರ್ ಆಚೆಗೆ ತಳ್ಳಿದ ಮೇಲೆ, ಒಂದು ಉಗುರು!

ಮೂರನೇ ಸ್ಥಾನದ ಆಸ್ಟ್ರೇಲಿಯಾದ ಗೇಲ್ ಮಾರ್ಟಿನ್ ಎಷ್ಟು ಎಸೆದರು ಗೊತ್ತಾ? 19.19. ಅಂದ್ರೆ ಮೇಲಿನವರಿಬ್ಬರೂ ಬೇರೆಯೇ ಊರಲ್ಲಿದ್ರು. ಆ ಊರಲ್ಲಿ ಇಬ್ಬರ ಮನೆ ಮಧ್ಯೆ ಗೋಡೆಯೂ ಇರಲಿಲ್ಲ ಅಂತಿಟ್ಕೊಳ್ಳಿ.

ಯಾರೀ ಲೋಗಿನ್? ರೋಮನ್ ಅಂತ ಊರು. ರೋಮ್ ಅಲ್ಲ ಕಣ್ರೀ, ರೊಮೇನಿಯಾದಲ್ಲೇ ಇರೋ ರೋಮನ್. ಹುಟ್ಟಿದ್ದು 1952ರಲ್ಲಿ, ಲಾಸ್ ಏಂಜಲೀಸ್‌ಗೆ ಬಂದಾಗ 32 ವರ್ಷ. ಅದೇ ವರ್ಷ ಬೇರೆ ಕಡೆ ಸರಿಯಾಗಿ 21.00 ಮೀಟರ್ ಎಸೆದಿದ್ದರು. ಚಿನ್ನ ಗೆದ್ದ ದೂರಕ್ಕಿಂತ ಅರ್ಧ ಮೀಟರ್ ಜಾಸ್ತಿ! ಆ ಕೈಗೆ 20.49 ಯಾವ ಲೆಕ್ಕ? ಒಂದು ಉಗುರಿಗೆ ಆಯಮ್ಮ "ಸೋತಳು" ಅಂತ ಬರೀತೀರಲ್ಲ, ಬಾಯಿ ಹೇಗೆ ಬರುತ್ತೆ ನಿಮಗೆ? ಸರಿ, ಬೆರಳು ಹೇಗೆ ಬರುತ್ತೆ?

ಈಗ ಅಳತೆ ವಿಚಾರ. ಹೈಸ್ಕೂಲಲ್ಲಿ ನನಗೆ ಗುಂಡು ಎಸೆಯೋ ತಾಕತ್ತಿರಲಿಲ್ಲ, ಪಿ.ಟಿ. ಮೇಷ್ಟ್ರು ಟೇಪ್ ಹಿಡಿಯೋ ಕೆಲಸ ಕೊಟ್ಟಿದ್ರು. ಗುಂಡು ಬಿದ್ದಲ್ಲಿ ಒಂದು ಕುಳಿ ಆಗುತ್ತೆ. ಆ ಕುಳಿಯ ಈಚೆ ಅಂಚಿಗೆ ಟೇಪಿನ ಸೊನ್ನೆ ಇಟ್ಟು ಬಗ್ಗಿ ಕೂರಬೇಕು. ಮಳೆ ಬಂದ ಮಾರನೇ ದಿನ ನೋಡಿ, ಅಂಚೇ ಪುಸುಕ್ಕಂತ ಕುಸಿಯುತ್ತೆ. ಎಲ್ಲಿಡ್ತೀರಾ ಸೊನ್ನೆ? ಮೇಷ್ಟ್ರು ಆ ಕಡೆ ಗುಂಡು ಎಸೆಯೋರು ನಿಲ್ಲೋ ಸರ್ಕಲ್ ಹತ್ತಿರದಿಂದ ಕೂಗೋರು, "ಟೇಪು ಜೋತುಬಿದ್ದಿದೆ, ಬಿಗಿಯಾಗಿ ಎಳಿಯೋ!" ಎಳೆದ್ರೆ ಎರಡು ಸೆಂಟಿಮೀಟರ್ ಹೋಯ್ತು. ನನ್ನ ಕೈಯಲ್ಲೇ ಎಷ್ಟು ಜನರ ಸರ್ಟಿಫಿಕೇಟ್ ಹೋಗಿದೆಯೋ, ಕ್ಷಮಿಸ್ರಪ್ಪಾ.

ಒಲಿಂಪಿಕ್ಸ್‌ನಲ್ಲಿ ನನ್ನಂಥ ಪೆದ್ದರು ಟೇಪ್ ಹಿಡಿಯಲ್ಲ, ಗೊತ್ತು. ಆದ್ರೆ ಒಂದು ನಿಯಮ ಇದೆ. ಮಿಲಿಮೀಟರ್ ಉಳಿದ್ರೆ ಬಿಟ್ಟುಬಿಡ್ತಾರೆ, ಕೆಳಗಿನ ಸೆಂಟಿಮೀಟರ್‌ಗೇ ಇಳಿಸಿ ಬರ್ಕೊಳ್ತಾರೆ. ಹಾಗಾದ್ರೆ ಲೋಗಿನ್ ಎಸೆತ ನಿಜವಾಗಿ 20.479 ಇದ್ದಿರಬಹುದು. ಲೋಶ್ ಎಸೆತ ಸರಿಯಾಗಿ 20.480. ಒಂದು ಮಿಲಿಮೀಟರ್! ಉಗುರಿನ ಅಗಲ ಬಿಡಿ, ಉಗುರಿನ ದಪ್ಪ!

"ಹಾಗಂದ್ರೆ ವ್ಯತ್ಯಾಸ ಎರಡು ಸೆಂಟಿಮೀಟರ್ ಹತ್ತಿರವೂ ಇರಬಹುದಲ್ಲ ಅಣ್ಣಾ?" ಇರಬಹುದು. ನಿನ್ನನ್ನ ಯಾರು ಕೇಳಿದ್ರು?

ಇನ್ನೊಂದು ಪಂಗಡ ಇದೆ. "ಸೋವಿಯತ್‌ನವರು, ಪೂರ್ವ ಜರ್ಮನಿಯವರು ಬಹಿಷ್ಕಾರ ಹಾಕಿದ್ರು, ಬಂದಿದ್ರೆ ಇವರಿಗೆ ಬೆಳ್ಳಿಯೂ ಇಲ್ಲ. ನತಾಲಿಯಾ ಲಿಸೊವ್ಸ್ಕಾಯಾ ಆ ವರ್ಷವೇ 22.53 ಎಸೆದಿದ್ದರು." ಹೌದಪ್ಪಾ, ಎಸೆದಿದ್ದರು. ಬಂದ್ರಾ? ಬರಲಿಲ್ಲ! ಮದುವೆಗೆ ಬಾರದವರಿಗೆ ಎಲೆ ಹಾಕೋಕಾಗುತ್ತಾ? ವಾರ್ಸಾ ಒಪ್ಪಂದದ, ಅಂದ್ರೆ ಸೋವಿಯತ್ ಸೇನಾಕೂಟದ ದೇಶಗಳ ಪೈಕಿ ಮಾಸ್ಕೋ ಮಾತು ಮೀರಿ ಬಂದಿದ್ದು ರೊಮೇನಿಯಾ ಒಂದೇ. ಬಂದು 20 ಚಿನ್ನ ಸೇರಿ 53 ಪದಕ ಹೊಡ್ಕೊಂಡು ಹೋದ್ರು. ಜಿಮ್ನಾಸ್ಟಿಕ್ಸ್‌ನಲ್ಲಿ ಎಕತೆರಿನಾ ಸಾಬೋ ಒಬ್ಬರಿಗೇ ನಾಲ್ಕು ಚಿನ್ನ. 800 ಮೀಟರ್‌ನಲ್ಲಿ ದೊಯಿನಾ ಮೆಲಿಂತೆ, 3000ದಲ್ಲಿ ಮರಿಚಿಕಾ ಪುಯಿಕಾ. ಅಷ್ಟು ಬಂಗಾರದ ರಾಶಿ ಮಧ್ಯೆ ಒಂದು ಬೆಳ್ಳಿ ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ನಮಗೆ ಆ ಸಲ ಒಂದು ಪದಕವೂ ಇಲ್ಲ, ಅದಕ್ಕೇ ಉಷಾ ಅವರ ನೂರನೇ ಒಂದು ಸೆಕೆಂಡನ್ನ ನಲವತ್ತು ವರ್ಷದಿಂದ ಎದೆಗವಚಿಕೊಂಡು ಕೂತಿದೀವಿ.

ಲೋಗಿನ್ ಸೆಂಟಿಮೀಟರ್‌ಗೆ ಎದೆ ಕೊಡೋರು ಯಾರು? ನಾನು ಕೊಡ್ತೀನಿ! ಇವತ್ತಿಂದ ಈ ಚಾನೆಲ್ಲಲ್ಲಿ ಆಯಮ್ಮ ಸೋತಿಲ್ಲ. ಯಾಕೆ ಅಂದ್ರೆ... ಹೇಳಿದ್ನಲ್ಲ, ಒಂದು ಸೆಂಟಿಮೀಟರ್! ಇನ್ನೇನು ಕಾರಣ ಬೇಕು? "ಬೆಳ್ಳಿ ಬೆಳ್ಳಿನೇ ಅಣ್ಣಾ" ಅಂತ ಕೆಳಗೆ ಬರೆಯೋರು ಮೊದಲು ಸಬ್‌ಸ್ಕ್ರೈಬ್ ಒತ್ತಿ ಆಮೇಲೆ ಬರೀರಿ, ಬೈಸ್ಕೊಳ್ಳೋಕೆ ನನಗೂ ಒಂದು ಬೆಲೆ ಇದೆ.

ಹಾ, ಟೀ ಶರ್ಟ್. ಎದೆ ಮೇಲೆ ದೊಡ್ಡದಾಗಿ ಲೋಗಿನ್ ದೂರ ಹಾಕಿಸಿ ಮಾರೋಣ ಅಂತ ಮೂವತ್ತು ಪ್ರಿಂಟ್ ಮಾಡಿಸ್ದೆ. ನಿನ್ನೆ ಪಾರ್ಸೆಲ್ ಬಂತು. ಇರಿ, ಬಿಚ್ಚಿ ತೋರಿಸ್ತೀನಿ. ನೋಡಿ, ಬಟ್ಟೆ ಎಷ್ಟು ಚೆನ್ನಾಗಿದೆ... ಏನೋ ಇದು? 20.48 ಅಂತ ಹಾಕಿದಾನಲ್ಲೋ! ಒಂದೇ ಒಂದು ಸೆಂಟಿಮೀಟರ್... ಕ್ಯಾಮೆರಾ ಆಫ್ ಮಾಡೋ. ಆಫ್ ಮಾಡೋ ಅಂದೆ!