ಬಾದಾಮಿಗೆ ಮದುವಿಗೆ ಬರಾಕತ್ತೀರೇನು? ಒಂದಿನ ಜಾಸ್ತಿ ಇಟ್ಕೊಂಡ ಬರ್ರಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಾಕಾನ ಮಗಳ ಮದುವಿ ಬಾದಾಮಿಯೊಳಗ ಐತಿ. ಬೀಗರು ಬೆಂಗಳೂರು ಕಡಿಯವ್ರು. ಅವ್ರ ಕಡಿಂದ ಬರೋ ಮಂದಿಯೊಳಗ ಭಾಳ ಜನ ನಮ್ಮ ಊರು ನೋಡೇ ಇಲ್ಲ. ಏನ್ ನೋಡೋದು, ಎಲ್ಲಿ ಉಣ್ಣೋದು, ಎಷ್ಟೊತ್ತಿಗೆ ಹೋಗೋದು ಅಂತ ಫೋನ್ ಮ್ಯಾಲ ಫೋನ್ ಬರಾಕತ್ತಾವು. ಅದಕ್ಕ ಎಲ್ಲಾರಿಗೂ ಕೂಡಿಸಿ ಈ ವ್ಲಾಗ್ ಮಾಡೀನಿ. ನೀವು ಬ್ಯಾರೆ ಯಾರದರೆ ಮದುವಿಗೆ ಬರೋರಿದ್ರೂ ನಡೀತೈತಿ.

ಮೊದಲ ಒಂದ್ ಮಾತು ಹೇಳಿಬಿಡ್ತೀನಿ. ಮದುವಿಗೆ ಬಂದವ್ರು ಅಕ್ಕಿಕಾಳು ಹಾಕ್ತಾರ, ಆಯೇರಿ ಮಾಡ್ತಾರ, ಹೊಟ್ಟಿ ತುಂಬ ಹುಗ್ಗಿ ಉಣ್ತಾರ, ಆಮ್ಯಾಲ ಎರಡು ಗಂಟೆ ಬಿಸಲಾಗ ಗವಿ ನೋಡಾಕ ಓಡ್ತಾರ. ಬ್ಯಾಡ್ರಿ. ಏಪ್ರಿಲ್, ಮೇ ತಿಂಗಳದಾಗ ನಮ್ಮ ಕೆಂಪು ಬಂಡಿಗಲ್ಲು ಕಾದ ಹಂಚಿನಂಗ ಆಗಿರ್ತಾವು. ಬಾದಾಮಿ ನೋಡೋದು ಮುಂಜಾನಿ, ಇಲ್ಲಾಂದ್ರ ಸಂಜಿಮುಂದ. ನಡುವಿನ ಹೊತ್ತು ಮದುವಿಗೆ ಬಿಡ್ರಿ. ಅದಕ್ಕ ಹಿಂದಿನ ದಿನ ಮಧ್ಯಾಹ್ನನ ಬಂದ್ಬಿಡ್ರಿ ಅಂತ ನನ್ನ ಕೈಮುಗಿದ ವಿನಂತಿ.

ಈಗ ಸ್ಕ್ರೀನ್ ಮ್ಯಾಲ ಕಾಣಾಕತ್ತೈತಲ್ಲ, ಇದ ಅಗಸ್ತ್ಯ ತೀರ್ಥ. ನಾವು ಬರೇ ಕೆರಿ ಅಂತೀವಿ. ಎಡಕ್ಕ ಬಡಗಣ ಗುಡ್ಡ, ಬಲಕ್ಕ ತೆಂಕಣ ಗುಡ್ಡ, ನಡುವ ನೀರು. ನಾ ನಿಂತಿರೋ ಈ ಪಡುವಣ ದಂಡಿಗೆ ಊರಿನ ಮನಿಗಳು ಹತ್ಗೊಂಡ ಅದಾವು. ಎದುರು ಮೂಡಣ ದಂಡಿಯೊಳಗ ನೀರಿಗೆ ಕಾಲು ಇಳಿಬಿಟ್ಟು ಕುಂತಿರೋದು ಭೂತನಾಥ ಗುಡಿ. ಬಂದ ದಿನ ಸಂಜಿಕ್ಕ ನೀವು ಹೋಗಬೇಕಾದ ಜಾಗ ಅದ.

ಕೆರಿ ದಂಡಿ ಹಿಡ್ಕೊಂಡ ನಡಕೋತ ಹೋಗ್ರಿ. ಪಾವಟಿಗಿ ಮ್ಯಾಲ ಹೆಣ್ಣಮಕ್ಕಳು ಅರಬಿ ಒಗೀತಿರ್ತಾರ. ಅವ್ರು ಒಮ್ಮೆ ಕಲ್ಲಿಗೆ ಬಡಿದ್ರ ಆ ಸಪ್ಪಳ ಬಂಡಿಗೆ ತಾಕಿ ಇನ್ನೊಮ್ಮೆ ಕೇಳ್ತೈತಿ. ಭೂತನಾಥ ಗುಡಿಯ ಹೊರಗಿನ ಮಂಟಪದಾಗ ಕುಂತ್ರ ಸೂರ್ಯ ಎದುರಿಗೇ ಇಳೀತಾನ. ಹೊತ್ತು ಮುಳುಗೋ ಮುಂದ ಗುಡ್ಡದ ಬಣ್ಣ ಕಿತ್ತಳಿ ಆಗಿ, ಕೆಂಪಾಗಿ, ಆಮ್ಯಾಲ ಕಂದು ಆಗ್ತೈತಿ. ಇಲ್ಲೇ ಹುಟ್ಟಿ ಬೆಳದವಳು ನಾನು, ನನಗ ಇವತ್ತಿಗೂ ಆ ಹೊತ್ತಿನಾಗ ಎದ್ದು ಬರಾಕ ಮನಸಾಗಂಗಿಲ್ಲ. ನೀರಿಗೆ ಮಾತ್ರ ಇಳೀಬ್ಯಾಡ್ರಿ. ಕೆಳಗಿನ ಪಾವಟಿಗಿ ಪಾಚಿಗಟ್ಟಿ ಜಾರ್ತಾವು. ಸಣ್ಣ ಹುಡುಗರು ಇದ್ರ ಕೈ ಬಿಡಬ್ಯಾಡ್ರಿ.

ಅಲ್ಲೇ ಕೆರಿಯ ಈಶಾನ್ಯಕ್ಕ ಒಂದು ಬಂಡಿ ಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಿ. ಸುಮಾರು ಕ್ರಿ.ಶ. 700ರದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಸಾಲಿ ಪುಸ್ತಕದಾಗ ಓದೀರಲ್ಲ, ಅದ ಇದು. ಕನ್ನಡದ ತ್ರಿಪದಿ ನಮಗ ಮೊದಲಿಗೆ ಸಿಗೋದು ಈ ಕಲ್ಲಿನ ಮ್ಯಾಲ. ಕನ್ನಡದವ್ರಾಗಿ ಬಾದಾಮಿತನಕ ಬಂದು ಇದನ್ನ ನೋಡ್ಲಾರದ ಹೋದ್ರ ನನಗ ಭಾಳ ಕೆಟ್ಟ ಅನಸ್ತೈತಿ. ದಾರಿ ಗೊತ್ತಾಗ್ಲಿಲ್ಲಂದ್ರ ಊರವ್ರನ್ನ ಕೇಳ್ರಿ, ತೋರಸ್ತಾರ.

ಇನ್ನ ತೆಂಕಣ ಗುಡ್ಡದ ಗವಿಗಳು. ನಮ್ಮ ಕಡೆ ಮೇಣಬಸದಿ ಅಂತಾರ. ಮುಂಜಾನಿ ಬಾಗಲಾ ತಗದ ಕೂಡ್ಲೆ ಹೋಗ್ರಿ, ಮಂದಿ ಇರಂಗಿಲ್ಲ, ಮಂಗ್ಯಾಗೋಳು ಇರ್ತಾವು. ಮಂಗ್ಯಾನ ವಿಷಯ ನಕ್ಕು ಬಿಡೋದಲ್ಲರಿ. ಮದುವಿಯೊಳಗ ತೆಂಗಿನಕಾಯಿ, ಎಲಿ-ಅಡಿಕಿ ಹಾಕಿ ಒಂದು ಚೀಲಾ ಕೊಡ್ತೀವಲ್ಲ, ಅದನ್ನ ರೂಮಿನ್ಯಾಗ ಇಟ್ಟು ಬರ್ರಿ. ಕೈಯಾಗ ಪ್ಲಾಸ್ಟಿಕ್ ಚೀಲಾ ಕಂಡ್ರ ತಿನ್ನೋದೈತಿ ಅಂತನ ಅವು ತಿಳ್ಕೋತಾವು.

ಮೊದಲನೇ ಗವಿಯ ಹೊರಗ ಬಲಕ್ಕ ಹದಿನೆಂಟು ಕೈಯಿನ ನಟರಾಜ ಅದಾನ. ಎಲ್ಲಾರೂ ಅವನ ಮುಂದನ ಸೆಲ್ಫಿ ಹೊಡ್ಕೊಂಡ ಮುಂದ ಹೋಗ್ತಾರ. ಒಂದ್ ನಿಮಿಷ ನಿಂತು ಎಡಗಡಿ ಒಂದು ಕೈ, ಬಲಗಡಿ ಒಂದು ಕೈ ಜೋಡಿಸಿ ನೋಡ್ರಿ, ಉಳದಿದ್ದು ಕಣ್ಣಿಂದ ಮುಚ್ರಿ. ಒಂದು ಭಂಗಿ ಆತು. ಇನ್ನೊಂದು ಕೈ ಹಿಡೀರಿ, ಇನ್ನೊಂದು ಭಂಗಿ. ಹಂಗ 81 ಭಂಗಿ ಆಗ್ತಾವು. ಒಳಗ ಅರ್ಧನಾರೀಶ್ವರ ಅದಾನ, ಹೊಸಾ ಜೋಡಿನ ಕರ್ಕೊಂಡ ಬಂದಿದ್ರ ಅಲ್ಲೆ ನಿಲ್ಲಿಸ್ರಿ.

ಮೂರನೇ ಗವಿ ಎಲ್ಲಾದಕ್ಕೂ ದೊಡ್ಡದು. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಇಸವಿ 578. ಅಲ್ಲೆ ಶಾಸನದಾಗ ಶಕ ವರ್ಷ 500 ಅಂತ ಕೊರದಾರ, ಹಿಂಗಾಗಿ ಅಂದಾಜಿನ ಮಾತಲ್ಲ ಇದು. ಅನಂತನ ಸುರುಳಿ ಮ್ಯಾಲ ಕುಂತ ವಿಷ್ಣುನ ನೋಡಿದ ಮ್ಯಾಲ ಕತ್ತೆತ್ತಿ ಕಂಬದ ತಲಿ ನೋಡ್ರಿ. ಅಲ್ಲೆ ಜೋಡಿ ಜೋಡಿ ಗಂಡಾ-ಹೆಂಡತಿ, ಗಿಡದ ನೆರಳಾಗ ನಿಂತಾರ. ಒಬ್ಬಾಕಿ ಗಂಡನ ಹೆಗಲ ಮ್ಯಾಲ ಭಾರ ಹಾಕ್ಯಾಳ, ಒಬ್ಬಾಕಿ ಸೊಂಟ ತಿರಿವಿ ನಿಂತಾಳ. ಹದಿನಾಲ್ಕು ನೂರು ವರ್ಷದ ಹಿಂದ ಈ ಊರಾಗ ಹೆಣ್ಣಮಕ್ಕಳು ತಲಿ ಹೆಂಗ ಕಟ್ಕೋತಿದ್ರು, ಯಾವ ಸರಾ ಹಾಕ್ತಿದ್ರು ಅನ್ನೋದೆಲ್ಲಾ ಅಲ್ಲೇ ಐತಿ. ಮದುವಿಗೆ ಬಂದವ್ರು ನೋಡ್ಲಿಕ್ಕೇಬೇಕಾದ ಶಿಲ್ಪ ಯಾವುದು ಅಂದ್ರ ನಾ ಇದನ್ನ ಹೇಳ್ತೀನಿ. ನಾಲ್ಕನೇದು ಜೈನರದು, ಸಣ್ಣದು, ಅಲ್ಲಿಂದ ಕೆರಿ ಚಂದ ಕಾಣತೈತಿ.

ಕಾಲಾಗ ಶಕ್ತಿ ಇದ್ರ ಎದುರಿನ ಬಾವನಬಂಡಿ ಕೋಟಿ ಹತ್ರಿ. ಬಂಡಿ ನಡುವಿನ ಸಂದಿಯೊಳಗ ಹಾದು ಹೋಗೋ ದಾರಿ, ಮ್ಯಾಲ ಎರಡು ಶಿವಾಲಯ. 543ರಾಗ ಒಂದನೇ ಪುಲಕೇಶಿ ಕೋಟಿ ಕಟ್ಟಿಸಿದ್ದರ ಶಾಸನ ಇದ ಗುಡ್ಡದಾಗ ಐತಿ. ವಯಸ್ಸಾದವ್ರು ಹತ್ತೋದು ಬ್ಯಾಡ, ಅವ್ರು ಬುಡದಾಗಿರೋ ಮ್ಯೂಸಿಯಂ ನೋಡ್ಲಿ. ಆದ್ರ ಶುಕ್ರವಾರ ಮ್ಯೂಸಿಯಂ ಬಂದ್.

ಊಟದ ಮಾತಿಗೆ ಬರೋಣ. ಮದುವಿ ಊಟ ನಾವು ಹಾಕ್ತೀವಿ. ಗೋಧಿ ಹುಗ್ಗಿ ಮ್ಯಾಲ ಹಾಲು-ತುಪ್ಪ ಹಾಕಾಕ ಬಂದ್ರ ಸಾಕು ಅನಬ್ಯಾಡ್ರಿ, ಅದು ಹಂಗ ಉಣ್ಣೋದು. ಅದರ ಹೊರಗ ಒಂದು ಊಟ ನೀವು ಬನಶಂಕರಿಯೊಳಗ ಮಾಡ್ಲಿಕ್ಕೇಬೇಕು. ಊರಿಂದ ಸುಮಾರು ಐದು ಕಿಲೋಮೀಟರ್, ಟಂಟಂ ಸಿಗ್ತಾವು. ತಾಯಿ ದರ್ಶನ ಮಾಡಿ, ಗುಡಿ ಮುಂದಿನ ಹೊಂಡ ನೋಡಿ ಹೊರಗ ಬಂದ್ರ ಬುಟ್ಟಿ ಹೊತ್ತ ಹೆಣ್ಣಮಕ್ಕಳು ಬರ್ತಾರ. "ರೊಟ್ಟಿ ಬೇಕೇನ್ರಿ ಯಪ್ಪಾ" ಅಂತ ಕೇಳ್ತಾರ. ಹೂಂ ಅಂದು ಗಿಡದ ನೆರಳಾಗ ಕುಂದ್ರಿ.

ಬುಟ್ಟಿ ಇಳಿಸಿ ಅರಬಿ ಬಿಚ್ಚತಾರ. ಜ್ವಾಳದ ರೊಟ್ಟಿ, ಅದರ ಮ್ಯಾಲನ ಪುಂಡಿಪಲ್ಲೆ, ಕಾಳುಪಲ್ಲೆ, ಶೇಂಗಾ ಹಿಂಡಿ, ಒಂದು ಚಿಟಿಕಿ ಕೆಂಪು ರಂಜಕ. ಪುಟ್ಟ ಮಣ್ಣಿನ ಕುಡಕಿಯೊಳಗ ಗಟ್ಟಿ ಮೊಸರು. ಖಾರ ತಡಕೊಳ್ಳಾರದವ್ರು ರಂಜಕ ಬಿಟ್ಟು ಹಿಂಡಿಗೆ ಮೊಸರು ಕಲಸ್ಕೋರಿ. ಮನಿಯೊಳಗ ಬೆಳಕು ಹರಿಯೋದ್ರಾಗ ಎದ್ದು ಬಡದ ರೊಟ್ಟಿ ಅವು. ಅವ್ರ ಹತ್ರ ಐದು ಹತ್ತು ರೂಪಾಯಿಗೆ ಚೌಕಾಸಿ ಮಾಡಬ್ಯಾಡ್ರಿ. ಪುಷ್ಯ ಮಾಸದಾಗ ಮದುವಿ ಗೊತ್ತಾಗಿದ್ರ ಇನ್ನೂ ಚಲೋ, ಬನದ ಹುಣ್ಣಿವಿಗೆ ತೇರು, ಹಿಂದಿನ ದಿನ ತಾಯಿಗೆ 108 ಪಲ್ಲೆದ ಎಡಿ, ಆಮ್ಯಾಲ ನಾಟಕ ಕಂಪನಿಗಳು. ಆವಾಗ ರೂಮು ಮಾತ್ರ ಭಾಳ ಮೊದಲ ಹಿಡೀಬೇಕು.

ಮದುವಿ ಮರುದಿನ ಖಾಲಿ ಇದ್ದವ್ರು ಮಹಾಕೂಟ, ಪಟ್ಟದಕಲ್ಲು ಎರಡೂ ಒಂದ ಗಾಡಿಯೊಳಗ ಮುಗಸ್ಬಹುದು. ಮಹಾಕೂಟದ ಪುಷ್ಕರಿಣಿಗೆ ಬುಗ್ಗಿ ನೀರು, ಅಲ್ಲಿ ಈಜಬಹುದು, ಒಂದು ಜೋಡಿ ಅರಬಿ ಜಾಸ್ತಿ ಒಯ್ರಿ. ಪಟ್ಟದಕಲ್ಲು ಇಲ್ಲಿಂದ 22 ಕಿಲೋಮೀಟರ್, 1987ರಿಂದ ವಿಶ್ವ ಪರಂಪರೆ ಪಟ್ಟಿಯೊಳಗ ಐತಿ. ಅಲ್ಲಿ ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಬಾಜೂಕಿನ ಮಲ್ಲಿಕಾರ್ಜುನ ಗುಡಿ ಆಕಿ ತಂಗಿ ತ್ರೈಲೋಕ್ಯಮಹಾದೇವಿದು. ಅಕ್ಕ-ತಂಗಿ ಒಬ್ಬನ ಕೈ ಹಿಡದವ್ರು, ಗುಡಿನೂ ಒಂದರ ಮಗ್ಗಲ ಒಂದು. ಐಹೊಳೆ ಅದ ದಿನ ಸೇರಿಸಿ ಗಡಿಬಿಡಿ ಮಾಡೋದು ನನಗ ಸೇರಂಗಿಲ್ಲ, ಅದಕ್ಕ ಬ್ಯಾರೆ ದಿನ ಬೇಕು.

ಏನರೆ ಒಯ್ಬೇಕಂದ್ರ ಗುಳೇದಗುಡ್ಡದ ಖಣ ಒಯ್ರಿ. ಇಳಕಲ್ ಸೀರಿಗೆ ಕುಬ್ಬಸ ಅಂದ್ರ ಅದ. ಓಣಿಯೊಳಗ ಹೊಕ್ಕರ ಮಗ್ಗದ ಸಪ್ಪಳ ಕೇಳ್ತೈತಿ, ನೇಯೋವ್ರ ಮನಿಯೊಳಗನ ಕೇಳಿ ತಗೋರಿ. ಪವರ್‌ಲೂಮಿಂದೋ ಕೈಮಗ್ಗದ್ದೋ ಅಂತ ಬಾಯಿಬಿಟ್ಟು ಕೇಳೋದ್ರಾಗ ತಪ್ಪೇನಿಲ್ಲ.

ಟ್ರೇನಿಗೆ ಹೋಗೋವ್ರಿಗೆ ಒಂದು ಸೂಚನಾ. ಸ್ಟೇಷನ್ ಊರಾಗಿಲ್ಲ, ಸುಮಾರು ಐದು ಕಿಲೋಮೀಟರ್ ದೂರ ಐತಿ. ರಾತ್ರಿ ಗಾಡಿ ಇದ್ರ ಆಟೋದವ್ರಿಗೆ ಸಂಜಿಕ್ಕನ ಹೇಳಿಟ್ಟಿರ್ರಿ. ರೊಟ್ಟಿ, ಹಿಂಡಿ ಬುತ್ತಿ ನಾವು ಕಟ್ಟಿರ್ತೀವಿ, ಅದನ್ನ ಇಸ್ಕೊಳ್ಳಾರದ ಯಾರೂ ಹೊಂಡಬ್ಯಾಡ್ರಿ.