ಎರಡು ಮಕ್ಕಳು ಸಾಕು ಅಂದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರಾಯಚೂರು ಸೀಮೆಯಲ್ಲಿ ಅಜ್ಜಿಯಂದಿರು ಎಂಟು ಹೆತ್ತು ನಾಲ್ಕು ಉಳಿಸಿಕೊಂಡ ಕಥೆ ಹೇಳುತ್ತಾರೆ. ಈಗ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಹೆಣ್ಣಿಗೆ ಮನೆಯಲ್ಲಿ ಮಾತು ಬಂತು, ಅದಕ್ಕೇ ಹೆರಿಗೆ ಇಳಿಯಿತು ಎಂದು ಹೇಳಿಬಿಡುವುದು ಸುಲಭ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳುತ್ತದೆ. ರಾಜ್ಯದ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರ ಲೆಕ್ಕ ನೂರಕ್ಕೆ ಒಂದೂ ಇಲ್ಲ. 20ರಿಂದ 24ರ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ 18 ತುಂಬುವ ಮುಂಚೆಯೇ ಮದುವೆ ಆಗಿಹೋಗಿದೆ. ಅಂಥವಳೊಬ್ಬಳ ಕಥೆ ಹೀಗಿರುತ್ತದೆ: ಹದಿನಾರಕ್ಕೆ ತಾಳಿ, ಇಪ್ಪತ್ತೆರಡಕ್ಕೆ ಆಪರೇಷನ್. ಮಕ್ಕಳ ಸಂಖ್ಯೆ ಇಳಿದದ್ದು ನಿಜ, ಅವಳ ಓದು ಮಾತ್ರ ಏಳನೇ ಇಯತ್ತೆಗೆ ನಿಂತಿತು. ಮುಂದಿನ ಮೂವತ್ತು ವರ್ಷ ಅವಳು ಹತ್ತಿ ಬಿಡಿಸುತ್ತಾಳೆ, ಇಲ್ಲವೇ ಬೆಂಗಳೂರಿಗೆ ಗುಳೆ ಹೋಗುತ್ತಾಳೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೂ ಪಹಣಿಯಲ್ಲಿ ಅವಳ ಹೆಸರು ಹುಡುಕಬೇಕು.

ಸಿಂಧನೂರು ಕಡೆಯ ಅಂಗನವಾಡಿಯೊಂದರಲ್ಲಿ ಇಂಥ ತಾಯಿಯನ್ನು ಕಂಡೆ. ಇಪ್ಪತ್ತೆರಡರ ಪ್ರಾಯ, ಮೂರು ಮಕ್ಕಳು. ಕೊನೆಯದು ಹದಿನಾಲ್ಕು ತಿಂಗಳ ಹೆಣ್ಣುಕೂಸು, ತೂಕ ಏಳು ಕೆ.ಜಿ. ತಾಯಿ ಕಾರ್ಡಿನಲ್ಲಿ ಕೂಸಿನ ತೂಕದ ಗೆರೆ ಹಳದಿ ಪಟ್ಟಿಯೊಳಗೆ ಬಿದ್ದಿತ್ತು, ಅಂದರೆ ವಯಸ್ಸಿಗೆ ತಕ್ಕ ತೂಕವಿಲ್ಲ. ಆಪರೇಷನ್ ಯಾರು ಹೇಳಿದ್ದು ಎಂದೆ. "ಅತ್ತಿ ಹೇಳಿದ್ರು, ಮಾಡಿಸ್ಕೊಂಡೆ," ಅಂದಳು. ಕೂಸಿಗೆ ದಿನಾ ಒಂದು ತತ್ತಿ ಕೊಡವ್ವ ಎಂದರೆ ತಲೆ ತಗ್ಗಿಸಿದಳು: "ರೊಕ್ಕ ಅವ್ರ ಹತ್ರ ಇರ್ತೈತ್ರಿ."

ಕೂಸಿನ ತೂಕ ನಿಂತಿರುವುದು ಆ ಒಂದು ಮಾತಿನ ಮೇಲೆ. ಗಂಡ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಆದರೆ ರೊಕ್ಕ ತಾಯಿಯ ಕೈಗೆ ಬಂದರೆ ಮಕ್ಕಳ ತಟ್ಟೆಗೆ ಬೇಗ ಮುಟ್ಟುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. 2023ರ ಆಗಸ್ಟಿನಿಂದ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಹೋಗುತ್ತಿದೆ. ಈಕೆಯ ಮನೆಯಲ್ಲಿ ಯಜಮಾನಿ ಎಂದರೆ ಅತ್ತೆ. ಸೊಸೆಗೆ ಅಲ್ಲಿಯೂ ಕೈ ಚಾಚುವುದೇ.

ಹೊರಡುವ ಮುಂಚೆ ಅವಳು ಕಾರ್ಡನ್ನು ಮತ್ತೆ ತೆಗೆದಳು. ಹಳದಿಯಿಂದ ಹಸಿರಿಗೆ ಬೆರಳಾಡಿಸಿ, "ಇಲ್ಲಿಂದ ಇಲ್ಲಿಗೆ ಎಷ್ಟು ಬೇಕ್ರಿ?" ಎಂದಳು. ನಾಲ್ಕುನೂರು ಗ್ರಾಂ ಅಂದೆ. "ಅಷ್ಟೇನ್ರಿ?" ಅಂದವಳೇ ಕೂಸನ್ನು ಕಂಕುಳಿಗೇರಿಸಿಕೊಂಡು, ಹೊಸ್ತಿಲ ಹತ್ತಿರ ನಿಂತಿದ್ದ ದೊಡ್ಡ ಮಗಳಿಗೆ ಹೇಳಿದಳು: "ನಡಿ, ನಿನಗ ಸಾಲಿಗೆ ಹೊತ್ತಾಗೈತಿ."